ತಂಪು ತರುವ ತಾಮ್ರದ ನಾಳ

ಅಕ್ಕಲಕೋಟೆ ಸೀಮೆಯ ಬೇಸಗೆಯನ್ನು ಕುರಿತು ಈ ಸಂಚಿಕೆಯ ಓದುಗರಿಗೆ ನಾವು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ವೈಶಾಖ ಮಾಸದಲ್ಲಿ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಇಲ್ಲಿ ವಾಡಿಕೆಯ ಸಂಗತಿ. ನಮ್ಮ ಹಿರಿಯರು ಮಣ್ಣಿನ ಮೇಲ್ಮುದ್ದೆಯ ಮನೆಗಳಲ್ಲಿ, ದಪ್ಪ ಗೋಡೆಗಳ ಆಸರೆಯಲ್ಲಿ ಈ ಬಿಸಿಲನ್ನು ಕಳೆದರು. ಈಗ ಸಿಮೆಂಟಿನ ಛಾವಣಿಗಳು ಬಂದಿವೆ; ಅವುಗಳ ಬೆನ್ನಿಗೇ ಹವಾನಿಯಂತ್ರಣ ಯಂತ್ರಗಳೂ ಬಂದಿವೆ. ಒಂದು ಕಾಲಕ್ಕೆ ಬ್ಯಾಂಕು, ಆಸ್ಪತ್ರೆಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಯಂತ್ರವು ಇಂದು ಸಾಧಾರಣ ಗೃಹಸ್ಥನ ಮನೆಯ ಗೋಡೆಯನ್ನೂ ಏರಿದೆ. ಹಾಗೆ ಏರಿಸುವ ಕೈಗಳಲ್ಲಿ ನಮ್ಮ ಶಾಲೆಯಿಂದ ಹೊರಟ ಹುಡುಗರ ಕೈಗಳೂ ಸೇರಿವೆ.

ಅಂತಹ ಒಂದು ಕೈಯೇ ಈ ಲೇಖನಕ್ಕೆ ಕಾರಣವಾಯಿತು. ಕೆಲವು ವರ್ಷಗಳ ಹಿಂದೆ ಹತ್ತನೆಯ ಇಯತ್ತೆಯನ್ನು ತೇರ್ಗಡೆಯಾಗಿ, ಪುಣೆಯಲ್ಲಿ ಹವಾನಿಯಂತ್ರಣ ಯಂತ್ರಗಳನ್ನು ಕೂಡಿಸುವ ಗುತ್ತಿಗೆದಾರನೊಬ್ಬನ ಬಳಿ ಸಹಾಯಕನಾಗಿ ಸೇರಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ದೀಪಾವಳಿಯ ರಜೆಯಲ್ಲಿ ನಮ್ಮನ್ನು ಕಾಣಲು ಬಂದ. ಬಲಗೈ ಮೊಣಕೈವರೆಗೆ ಸುಟ್ಟು ಮಾಸಿದ್ದಿತು. ಹುಬ್ಬಿನ ಕೂದಲು ಇನ್ನೂ ಸರಿಯಾಗಿ ಬೆಳೆದಿರಲಿಲ್ಲ. ಕೊಳವೆಗಳ ಸೋರಿಕೆಯನ್ನು ಪರೀಕ್ಷಿಸಬೇಕಾಗಿದ್ದ ದಿನ ಸಾರಜನಕದ ಸಿಲಿಂಡರು ಮುಗಿದಿತ್ತಂತೆ. ಬೆಸುಗೆಯ ಕೆಲಸಕ್ಕೆಂದು ತಂದಿದ್ದ ಆಮ್ಲಜನಕದ ಸಿಲಿಂಡರು ಪಕ್ಕದಲ್ಲಿಯೇ ಇದ್ದಿತು. “ಒತ್ತಡ ಬೇಕಾಗಿದೆ ಅಷ್ಟೆ, ಯಾವ ಗಾಳಿಯಾದರೇನು?” ಎಂದು ಹಿರಿಯ ಕೆಲಸಗಾರ ಹೇಳಿದ, ಹುಡುಗ ಕವಾಟ ತಿರುಗಿಸಿದ. ಹಳೆಯ ಯಂತ್ರದೊಳಗಿನ ಎಣ್ಣೆ ಹೊತ್ತಿಕೊಂಡು ಕೊಳವೆ ಸಿಡಿಯಿತು. ಪ್ರಾಣ ಉಳಿದುದೇ ಭಾಗ್ಯ.

“ಸರ್, ನನಗೆ ಗೊತ್ತಿರಲಿಲ್ಲ” ಎಂದ. ಈ ಮಾತು ನಮ್ಮ ಮನಸ್ಸನ್ನು ಚುಚ್ಚಿತು. ಏಕೆಂದರೆ ಅವನಿಗೆ ಗೊತ್ತಿದ್ದಿತು. ವಿಜ್ಞಾನದ ಅಧ್ಯಾಪಕರ ಸ್ಥಾನ ತೆರವಾಗಿದ್ದ ಒಂದು ವರ್ಷ ನಾವೇ ಅವನ ತರಗತಿಗೆ ಆ ಪಾಠವನ್ನು ಹೇಳಿದ್ದೆವು. ಆಮ್ಲಜನಕವು ತಾನು ಉರಿಯದು, ಆದರೆ ಉರಿಯುವ ವಸ್ತುವಿಗೆ ಬಲ ಕೊಡುತ್ತದೆ; ಸಾರಜನಕವು ಉರಿಯದು, ಉರಿಸದು: ಈ ಎರಡು ವಾಕ್ಯಗಳನ್ನು ಅವನು ತಪ್ಪಿಲ್ಲದೆ ಬರೆದು ಪೂರ್ಣ ಅಂಕ ಪಡೆದಿದ್ದ. ಆ ವಾಕ್ಯಗಳು ಒಂದು ದಿನ ತನ್ನ ಕೈಗೂ ಬೆಂಕಿಗೂ ನಡುವೆ ನಿಲ್ಲಬೇಕಾದ ಗೋಡೆಯೆಂದು ನಾವು ಹೇಳಿರಲಿಲ್ಲ. ತಪ್ಪು ವಿದ್ಯಾರ್ಥಿಯದಷ್ಟೇ ಅಲ್ಲ, ನಮ್ಮದೂ ಆಗಿದೆ.

ನಾವು ವಿಜ್ಞಾನದ ಪದವೀಧರರಲ್ಲ. ಆದರೂ ಆ ಬಳಿಕ ಯಂತ್ರಗಳ ಕೈಪಿಡಿಗಳನ್ನು ತರಿಸಿ ಓದಿದೆವು. ಬಲ್ಲ ಕುಶಲಕರ್ಮಿಗಳನ್ನು ಕೇಳಿ ತಿಳಿದೆವು. ಕೆಲಸ ನಡೆಯುವಲ್ಲಿ ಎದುರು ನಿಂತು ನೋಡಿದೆವು. ನೋಡಿದಷ್ಟೂ ನಮಗೆ ಮನವರಿಕೆಯಾದುದೆಂದರೆ, ಶೀತಕ ನಾಳಗಳನ್ನು ಜೋಡಿಸುವ ಈ ಕೆಲಸದಲ್ಲಿ ಹೆಜ್ಜೆಗೊಂದರಂತೆ ನಮ್ಮ ಶಾಲೆಯ ಪಾಠಗಳೇ ಅಡಗಿವೆ ಎಂಬುದು. ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇರುವುದರಿಂದ, ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳಿಗಾಗಿ ಆ ವಿಷಯವನ್ನು ಕನ್ನಡದಲ್ಲಿಯೇ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ನಾಳದೊಳಗೆ ನಡೆಯುವುದೇನು?

ಹವಾನಿಯಂತ್ರಣ ಯಂತ್ರವು ತಂಪನ್ನು ಉತ್ಪಾದಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಬಾವಿಯ ನೀರನ್ನು ಮೇಲಕ್ಕೆ ಸೇದುವಂತೆ ಅದು ಕೋಣೆಯೊಳಗಿನ ಉಷ್ಣವನ್ನು ಸೇದಿ ಹೊರಗೆ ಚೆಲ್ಲುತ್ತದೆ. ಇಲ್ಲಿ ಕೊಡದ ಕೆಲಸವನ್ನು ಮಾಡುವ ದ್ರವ್ಯಕ್ಕೆ ಶೀತಕವೆಂದು ಹೆಸರು.

ಅಂಗೈಗೆ ಸ್ಪಿರಿಟ್ ಸವರಿಕೊಂಡರೆ ತಣ್ಣಗಾಗುವುದನ್ನು ನೀವೆಲ್ಲರೂ ಬಲ್ಲಿರಿ. ದ್ರವವು ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಇದೇ ನಿಯಮದಿಂದ. ಇನ್ನೊಂದು ನಿಯಮವೆಂದರೆ, ಒತ್ತಡ ಹೆಚ್ಚಿದಂತೆ ಕುದಿಬಿಂದು ಏರುತ್ತದೆ, ಒತ್ತಡ ತಗ್ಗಿದಂತೆ ಇಳಿಯುತ್ತದೆ. ಅಡುಗೆಮನೆಯ ಕುಕ್ಕರಿನಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದಲೇ ಬೇಳೆ ಬೇಗ ಬೇಯುತ್ತದೆ.

ಈ ಎರಡು ನಿಯಮಗಳ ಮೇಲೆ ಇಡೀ ಯಂತ್ರ ನಿಂತಿದೆ. ಕೋಣೆಯೊಳಗಿನ ಪೆಟ್ಟಿಗೆಯಲ್ಲಿ ಶೀತಕವು ಕಡಿಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತ ಕೋಣೆಯ ಉಷ್ಣವನ್ನು ಹೀರುತ್ತದೆ. ಆ ಆವಿಯನ್ನು ದಪ್ಪನೆಯ ತಾಮ್ರದ ನಾಳವು ಹೊರಗಿನ ಪೆಟ್ಟಿಗೆಗೆ ಒಯ್ಯುತ್ತದೆ. ಅಲ್ಲಿ ಕಂಪ್ರೆಸರು ಅದನ್ನು ಅದುಮುತ್ತದೆ. ಒತ್ತಡವೇರಿದ ಆವಿಯು ಹೊರಗಿನ ಗಾಳಿಗೆ ಉಷ್ಣವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ; ಕಿರಿದಾದ ದಾರಿಯೊಂದರಲ್ಲಿ ಹಾಯ್ದು ಒತ್ತಡ ಕಳೆದುಕೊಂಡು, ಸಣ್ಣ ನಾಳದ ಮೂಲಕ ಕೋಣೆಗೆ ಮರಳುತ್ತದೆ. ಹೀಗೆ ಒಳಗೂ ಹೊರಗೂ ಇರುವ ಎರಡು ಪೆಟ್ಟಿಗೆಗಳನ್ನು ಕೂಡಿಸುವ ಎರಡು ತಾಮ್ರದ ನಾಳಗಳೇ ನಮ್ಮ ಇಂದಿನ ವಿಷಯ. ಪೆಟ್ಟಿಗೆಗಳು ಕಾರ್ಖಾನೆಯಲ್ಲಿ ತಯಾರಾಗಿ ಪರೀಕ್ಷೆಗೊಂಡು ಬರುತ್ತವೆ. ನಾಳಗಳ ಜೋಡಣೆಯಾದರೋ ನಮ್ಮ ಹುಡುಗರ ಕೈಯಿಂದಲೇ ಆಗಬೇಕು.

ಆ ನಾಳಗಳು ತಡೆಯಬೇಕಾದ ಒತ್ತಡ ಅಲ್ಪವಲ್ಲ. ಇಂದು ಮನೆಗಳ ಯಂತ್ರಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಆರ್-32 ಎಂಬ ಶೀತಕವು 50 ಡಿಗ್ರಿ ಉಷ್ಣತೆಯಲ್ಲಿ ದ್ರವವಾಗಬೇಕಾದರೆ ಸುಮಾರು 31 ಬಾರ್ ಒತ್ತಡ ಬೇಕು. ಒಂದು ಬಾರ್ ಎಂದರೆ ಹೆಚ್ಚು ಕಡಿಮೆ ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡ. ಮೋಟಾರು ಕಾರಿನ ಗಾಲಿಯಲ್ಲಿ ತುಂಬುವ ಗಾಳಿಯ ಒತ್ತಡಕ್ಕಿಂತ ಇದು ಹತ್ತು ಪಟ್ಟಿಗೂ ಮಿಗಿಲು.

ಶೀತಕಗಳ ಸ್ವಭಾವ

ಹವಾನಿಯಂತ್ರಣದ ಆರಂಭದ ದಿನಗಳಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡ್ ಮೊದಲಾದ ವಿಷಕರ ಅನಿಲಗಳೇ ಶೀತಕಗಳಾಗಿದ್ದುವು. ಅವು ಸೋರಿದರೆ ಪ್ರಾಣಾಪಾಯ. 1928ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿಯವರೂ ಅವರ ಸಂಗಡಿಗರೂ ಕ್ಲೋರಿನ್, ಫ್ಲೂರಿನ್‌ಗಳನ್ನು ಕೂಡಿದ ಹೊಸ ಶೀತಕಗಳನ್ನು ಮುಂದಿಟ್ಟರು. ಅವು ಉರಿಯವು, ವಿಷವೂ ಅಲ್ಲ, ಲೋಕ ನಿಟ್ಟುಸಿರುಬಿಟ್ಟಿತು. ಆದರೆ ಅವು ಮೇಲಿನ ಆಕಾಶದಲ್ಲಿ ಓಜೋನ್ ಪದರವನ್ನು ಕೆಡಿಸಬಲ್ಲವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಸೇರಿ ಅವುಗಳನ್ನು ಕ್ರಮೇಣ ಕೈಬಿಡುವ ಒಪ್ಪಂದ ಮಾಡಿಕೊಂಡುವು.

ಇದರ ಫಲವಾಗಿ ಬಂದ ಹೊಸ ಶೀತಕಗಳಲ್ಲಿ ಆರ್-32 ಒಂದು. ಅದು ಓಜೋನನ್ನು ಕೆಡಿಸದು. ಆದರೆ ಮೆಲ್ಲಗೆ ಉರಿಯುವ ಗುಣ ಅದಕ್ಕುಂಟು. ಇನ್ನು ಕೆಲವು ಯಂತ್ರಗಳಲ್ಲಿರುವ ಆರ್-290 ಎಂಬುದು ಪ್ರೊಪೇನ್. ಅಂದರೆ ನಮ್ಮ ಅಡುಗೆ ಅನಿಲದ ಜಾತಿಯದೇ. ಹಳೆಯ ಯಂತ್ರಗಳಲ್ಲಿದ್ದ ಆರ್-22ಕ್ಕೆ ಒಗ್ಗಿದ ಕೈಗಳು ಹೊಸ ಶೀತಕವನ್ನೂ ಅದೇ ರೀತಿ ಬಳಸಿದರೆ ಅಪಾಯ ತಪ್ಪದು. ಆದುದರಿಂದ ಪೆಟ್ಟಿಗೆಯ ಮೇಲೆ ಅಂಟಿಸಿದ ಫಲಕದಲ್ಲಿ ಶೀತಕದ ಹೆಸರನ್ನು ಓದಿದ ಮೇಲೆಯೇ ಉಪಕರಣಗಳನ್ನು ಬಿಚ್ಚತಕ್ಕದ್ದು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಲೆಕ್ಕ. ಗಾಳಿಯ ಸರಾಸರಿ ಅಣುತೂಕ 29, ಪ್ರೊಪೇನಿನದು 44, ಆರ್-32ರದು 52. ಆದುದರಿಂದ ಸೋರಿದ ಶೀತಕವು ಮೇಲಕ್ಕೆ ಹೋಗದೆ ನೆಲದ ಮಟ್ಟದಲ್ಲಿಯೂ ತಗ್ಗಿನಲ್ಲಿಯೂ ಮಡುಗಟ್ಟುತ್ತದೆ. ಆರ್-32 ಹೊತ್ತಿಕೊಳ್ಳಬೇಕಾದರೆ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 300 ಗ್ರಾಂ ಬೆರೆಯಬೇಕು. ಪ್ರೊಪೇನಾದರೆ ಸುಮಾರು 38 ಗ್ರಾಂ ಸಾಕು. ಉದ್ದ, ಅಗಲ, ಎತ್ತರ ಮೂರೂ 3 ಮೀಟರಿರುವ ಕೋಣೆಯ ಗಾತ್ರ 27 ಘನಮೀಟರ್. ಅಷ್ಟು ಗಾಳಿಯೂ ಹೊತ್ತುವಂತಾಗಲು ಸುಮಾರು 8 ಕಿಲೋಗ್ರಾಂ ಆರ್-32 ಬೇಕಾಗುತ್ತದೆ. ಮನೆಯ ಯಂತ್ರದಲ್ಲಿ ಇರುವುದು ಸಾಮಾನ್ಯವಾಗಿ ಒಂದು ಕಿಲೋಗ್ರಾಮಿನ ಆಸುಪಾಸು. ಇದನ್ನು ಕೇಳಿ ನಿಶ್ಚಿಂತರಾಗಬೇಡಿ. ಅನಿಲವು ಕೋಣೆಯ ತುಂಬ ಸಮವಾಗಿ ಹರಡುವುದೆಂಬ ನಿಯಮವಿಲ್ಲ. ಮುಚ್ಚಿದ ಮೂಲೆಯಲ್ಲಿ, ಮಂಚದ ಕೆಳಗೆ, ಕೆಲಸಗಾರ ಕುಳಿತು ಬೆಸುಗೆ ಹಾಕುವ ಆ ಜಾಗದಲ್ಲಿಯೇ ಅದು ಗಟ್ಟಿಯಾಗಿ ನಿಲ್ಲಬಹುದು. ಜ್ವಾಲೆಗೆ ಸಿಕ್ಕ ಆರ್-32ರಿಂದ ಹೈಡ್ರೋಜನ್ ಫ್ಲೋರೈಡ್ ಎಂಬ ಕಟುವಾದ ವಿಷಾನಿಲವೂ ಹುಟ್ಟುತ್ತದೆ. ಕೆಲಸ ನಡೆಯುವಾಗ ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು, ಬೀಡಿ ಸಿಗರೇಟುಗಳನ್ನು ದೂರವಿಡಬೇಕು ಎಂಬ ನಿಯಮಕ್ಕೆ ಇದೇ ಆಧಾರ.

ದ್ರವರೂಪದ ಶೀತಕವು ಚರ್ಮಕ್ಕೆ ತಗುಲಿದರೆ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿಸುವ ಗಾಯವಾಗುತ್ತದೆ. ವಾಯುಮಂಡಲದ ಒತ್ತಡದಲ್ಲಿ ಆರ್-32ರ ಕುದಿಬಿಂದು ಸೊನ್ನೆಗಿಂತ ಸುಮಾರು 52 ಡಿಗ್ರಿ ಕೆಳಗೆ. ಕೈಚೀಲಗಳೂ ಕಣ್ಣಿನ ಕನ್ನಡಕವೂ ಆಡಂಬರದ ವಸ್ತುಗಳಲ್ಲ.

ಕತ್ತರಿಸುವುದು, ಬಾಗಿಸುವುದು, ಕೂಡಿಸುವುದು

ತಾಮ್ರದ ನಾಳವನ್ನು ಗರಗಸದಿಂದ ಕೊಯ್ಯಬಾರದು. ಗರಗಸದ ಪುಡಿ ಒಳಗೆ ಬಿದ್ದು, ಮುಂದೆ ಕಂಪ್ರೆಸರಿನ ಕರುಳನ್ನು ಕೊರೆಯುತ್ತದೆ. ಚಕ್ರದಂತಹ ಅಲಗುಳ್ಳ ಕಟ್ಟರನ್ನು ನಾಳದ ಸುತ್ತ ಮೆಲ್ಲಗೆ ತಿರುಗಿಸುತ್ತ ಕತ್ತರಿಸಬೇಕು. ಕತ್ತರಿಸಿದ ಅಂಚಿನ ಒರಟನ್ನು ಹೆರೆಯುವಾಗ ನಾಳದ ಬಾಯಿ ಕೆಳಮುಖವಾಗಿರಲಿ. ಹೆರೆದ ಚೂರು ಹೊರಕ್ಕೆ ಬೀಳುತ್ತದೆ. ಕೆಲಸವಿಲ್ಲದ ಹೊತ್ತಿನಲ್ಲಿ ನಾಳದ ಎರಡೂ ಬಾಯಿಗಳಿಗೆ ಮುಚ್ಚಳವಿರಲಿ. ಒಳಗೆ ಹೊಕ್ಕ ಧೂಳು, ತೇವ, ಇರುವೆ ಇವೆಲ್ಲ ಒಂದು ದಿನ ಲೆಕ್ಕ ಕೇಳುತ್ತವೆ. ಬಾಗಿಸಲು ಅದಕ್ಕೆಂದೇ ಮಾಡಿದ ಸಾಧನವನ್ನು ಬಳಸಬೇಕು. ಮೊಣಕಾಲಿಗೆ ಒತ್ತಿ ಬಾಗಿಸಿದ ನಾಳ ಚಪ್ಪಟೆಯಾಗಿ ದಾರಿ ಕಿರಿದಾಗುತ್ತದೆ.

ನಾಳದ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲಿಸಿ, ಹಿತ್ತಾಳೆಯ ತಿರುಪಿನಿಂದ ಯಂತ್ರಕ್ಕೆ ಬಿಗಿಯುತ್ತಾರೆ. ಕೆಲಸಗಾರರು ಇದನ್ನು ಫ್ಲೇರ್ ಎನ್ನುತ್ತಾರೆ. ತಿರುಪನ್ನು ಅಗಲಿಸುವ ಮೊದಲೇ ನಾಳಕ್ಕೆ ಪೋಣಿಸಬೇಕು. ಇದನ್ನು ಮರೆಯದ ಹೊಸಬನಿಲ್ಲ! ಅಗಲಿಸಿದ ಮುಖದಲ್ಲಿ ಗೀರು, ಬಿರುಕು, ಓರೆ ಯಾವುದೂ ಇರಕೂಡದು. ಇದ್ದರೆ ಕತ್ತರಿಸಿ ಎಸೆದು ಹೊಸದಾಗಿ ಮಾಡಬೇಕು.

ಬಿಗಿಯುವಲ್ಲಿ ತೋಳಿನ ಬಲಕ್ಕಿಂತ ಅಳತೆ ಮುಖ್ಯ. ಸಡಿಲವಾದರೆ ಸೋರುತ್ತದೆ, ಅತಿಯಾದರೆ ತಾಮ್ರ ತೆಳುವಾಗಿ ಸೀಳುತ್ತದೆ. ಬಿಗಿಯ ಪ್ರಮಾಣವನ್ನು ತೋರಿಸುವ ಟಾರ್ಕ್ ಪಾನವೊಂದುಂಟು. ಕಾಲು ಅಂಗುಲದ ನಾಳಕ್ಕೆ ಸುಮಾರು 14ರಿಂದ 18 ನ್ಯೂಟನ್-ಮೀಟರ್, ಎಂಟನೆಯ ಮೂರು ಅಂಗುಲದ ನಾಳಕ್ಕೆ ಸುಮಾರು 33ರಿಂದ 42 ನ್ಯೂಟನ್-ಮೀಟರ್ ಎಂಬುದು ಸಾಮಾನ್ಯ ಅಳತೆ. ಆಯಾ ಯಂತ್ರದ ಕೈಪಿಡಿಯ ಮಾತೇ ಕೊನೆಯ ಮಾತು. ಒಂದು ಪಾನದಿಂದ ಹಿಡಿದು ಇನ್ನೊಂದರಿಂದ ತಿರುಗಿಸಬೇಕು. ಇಲ್ಲವಾದರೆ ನಾಳವೇ ಮುರುಚಿಕೊಳ್ಳುತ್ತದೆ. ಎರಡು ನಾಳಗಳಿಗೂ ಬೇರೆ ಬೇರೆಯಾಗಿ ಉಷ್ಣರೋಧಕದ ಹೊದಿಕೆ ಬೇಕು. ಗೋಡೆಯೊಳಗೆ ಹುದುಗುವ ಭಾಗದಲ್ಲಿ ಜೋಡಣೆಯೇ ಇರದಿದ್ದರೆ ಒಳ್ಳೆಯದು. ಕಣ್ಣಿಗೆ ಕಾಣದ ಜೋಡಣೆ ಸೋರಿದರೆ ಹುಡುಕುವವರಾರು?

ಬೆಸುಗೆ ಮತ್ತು ಸಾರಜನಕ

ಉದ್ದವಾದ ನಾಳಗಳಲ್ಲಿ ಬೆಸುಗೆ ಅನಿವಾರ್ಯವಾಗುತ್ತದೆ. ತಾಮ್ರವು ಸುಮಾರು 1085 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕಿಂತ ಬಹಳ ಕೆಳಗೆ ಕರಗುವ, ತಾಮ್ರ ಮತ್ತು ರಂಜಕದ ಮಿಶ್ರಲೋಹದ ಕಡ್ಡಿಯನ್ನು ಕರಗಿಸಿ ಸಂದಿಗೆ ಹರಿಸುತ್ತಾರೆ. ಕಡ್ಡಿಗೆ ನೇರವಾಗಿ ಜ್ವಾಲೆ ತಾಗಿಸದೆ ನಾಳವನ್ನು ಸುತ್ತಲೂ ಸಮವಾಗಿ ಕಾಯಿಸಿದರೆ ಕರಗಿದ ಲೋಹವನ್ನು ಸಂದಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವ ಕೇಶಾಕರ್ಷಣವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಕೆಂಪಗೆ ಕಾದ ತಾಮ್ರಕ್ಕೆ ಗಾಳಿಯ ಆಮ್ಲಜನಕ ಸೋಂಕಿದರೆ ಕರಿಯ ಆಕ್ಸೈಡಿನ ಹೊಟ್ಟು ಕಟ್ಟುತ್ತದೆ. ಹೊರಗಿನದನ್ನು ಉಜ್ಜಿ ತೆಗೆಯಬಹುದು. ನಾಳದ ಒಳಗಿನ ಹೊಟ್ಟು ಶೀತಕದೊಡನೆ ತೇಲಿ ಹೋಗಿ ಕಿರಿದಾದ ದಾರಿಯನ್ನು ಮುಚ್ಚುತ್ತದೆ. ಆದುದರಿಂದ ಬೆಸುಗೆಯ ಉದ್ದಕ್ಕೂ ನಾಳದೊಳಗೆ ಸಾರಜನಕವನ್ನು ಮಂದವಾಗಿ ಹರಿಸುತ್ತಿರಬೇಕು. ಇನ್ನೊಂದು ತುದಿ ತೆರೆದಿರಬೇಕು.

ಬೆಸುಗೆಗೆ ಮುಂಚೆ ನೋಡಬೇಕಾದುದು ಇನ್ನೂ ಮುಖ್ಯ. ಹಳೆಯ ನಾಳದಲ್ಲಿ ಶೀತಕ ಉಳಿದಿರುವಾಗ ಎಂದಿಗೂ ಜ್ವಾಲೆ ಹಿಡಿಯಬಾರದು. ಸುತ್ತಲಿನ ಪರದೆ, ಕಾಗದ, ಥರ್ಮೊಕೋಲುಗಳನ್ನು ಸರಿಸಬೇಕು. ಬೆಂಕಿ ಆರಿಸುವ ಸಾಧನ ಕೈಗೆಟುಕುವಂತಿರಬೇಕು. ಕೆಲಸ ಮುಗಿದೊಡನೆ ಹೊರಡದೆ ಅರ್ಧ ತಾಸಾದರೂ ನಿಂತು, ಎಲ್ಲಿಯಾದರೂ ಹೊಗೆಯಾಡುತ್ತಿದೆಯೇ ಎಂದು ನೋಡಬೇಕು. ಸಾರಜನಕವೂ ಸಂಪೂರ್ಣ ಸಾಧುವಲ್ಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ತುಂಬಿಕೊಂಡರೆ ಉಸಿರಾಡುವ ಆಮ್ಲಜನಕವನ್ನು ಹೊರದೂಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮುನ್ಸೂಚನೆಯೂ ಇಲ್ಲ.

ಒತ್ತಡದ ಪರೀಕ್ಷೆ

ಈಗ ನಮ್ಮ ಆ ವಿದ್ಯಾರ್ಥಿಯ ಕೈ ಸುಟ್ಟ ಹೆಜ್ಜೆಗೆ ಬಂದೆವು. ನಾಳಗಳನ್ನು ಕೂಡಿಸಿದ ಮೇಲೆ ಅವುಗಳಲ್ಲಿ ಒಣ ಸಾರಜನಕವನ್ನು ತುಂಬಿ, ಎಲ್ಲಿಯೂ ಸೋರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೊರಗಿನ ಪೆಟ್ಟಿಗೆಯ ಕವಾಟಗಳು ಈ ವೇಳೆ ಮುಚ್ಚಿರಬೇಕು. ಅದರೊಳಗೆ ಕಾರ್ಖಾನೆಯಲ್ಲಿ ತುಂಬಿದ ಶೀತಕವಿರುತ್ತದೆ.

ಇಲ್ಲಿ ಆಮ್ಲಜನಕವನ್ನು ಏಕೆ ಬಳಸಬಾರದು? ಕಂಪ್ರೆಸರಿನ ಎಣ್ಣೆ ಯಂತ್ರದೊಳಗೆಲ್ಲ ಸವರಿರುತ್ತದೆ. ಒತ್ತಡದ ಆಮ್ಲಜನಕವು ಎಣ್ಣೆಯನ್ನು ಸೇರಿದರೆ, ಕಿಡಿಯೂ ಬೇಕಿಲ್ಲದೆ ಅದು ಸ್ಫೋಟದಂತೆ ಹೊತ್ತಿಕೊಳ್ಳಬಲ್ಲುದು. ಒತ್ತಿ ತುಂಬಿದ ಸಾಧಾರಣ ಗಾಳಿಯೂ ಸಲ್ಲದು. ಅದರಲ್ಲಿ ಆಮ್ಲಜನಕವೂ ಉಂಟು, ತೇವವೂ ಉಂಟು. ವಿದ್ಯಾರ್ಥಿಗಳೇ, ಇದೊಂದು ವಾಕ್ಯವನ್ನಾದರೂ ನೆನಪಿನಲ್ಲಿಡಿ: ನಾಳದ ಪರೀಕ್ಷೆಗೆ ಸಾರಜನಕವೇ ಹೊರತು ಮತ್ತಾವುದೂ ಅಲ್ಲ. ಸಾರಜನಕ ಮುಗಿದಿದ್ದರೆ ಆ ದಿನದ ಕೆಲಸವೂ ಮುಗಿಯಿತು.

ತುಂಬಿದ ಸಾರಜನಕದ ಸಿಲಿಂಡರಿನಲ್ಲಿ 150 ಬಾರ್‌ನಷ್ಟು ಒತ್ತಡವಿರುವುದುಂಟು. ರೆಗ್ಯುಲೇಟರಿಲ್ಲದೆ ಅದನ್ನು ನಾಳಕ್ಕೆ ತಗುಲಿಸುವುದು ಕೊಲೆಗೆ ಸಮ. ಒಮ್ಮೆಲೆ ತುಂಬದೆ, ಮೊದಲು ಸುಮಾರು 5 ಬಾರ್, ಬಳಿಕ 15 ಬಾರ್, ಆ ಮೇಲೆ ಕೈಪಿಡಿ ಹೇಳಿದ ಪೂರ್ಣ ಒತ್ತಡ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಆರ್-32ರ ಯಂತ್ರಗಳಲ್ಲಿ ಇದು 40 ಬಾರ್‌ನ ಸುಮಾರಿಗೆ ಇರುತ್ತದೆ. ಪ್ರತಿಯೊಂದು ಜೋಡಣೆಗೂ ಸಾಬೂನಿನ ನೊರೆ ಸವರಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಸೋರಿಕೆ ಕಂಡರೆ ಒತ್ತಡವನ್ನು ಪೂರ್ಣ ಇಳಿಸಿದ ಮೇಲೆಯೇ ತಿರುಪಿಗೆ ಕೈಹಾಕಬೇಕು.

ಮಾಪಕದ ಮುಳ್ಳು ಸ್ವಲ್ಪ ಇಳಿದರೆ ಸೋರುತ್ತಿದೆಯೆಂದೇ ಅರ್ಥವೇ? ಇಲ್ಲಿ ಅನಿಲಗಳ ನಿಯಮ ನೆರವಿಗೆ ಬರುತ್ತದೆ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡವು ನಿರಪೇಕ್ಷ ಉಷ್ಣತೆಗೆ ಅನುಪಾತವಾಗಿರುತ್ತದೆ. ಸಂಜೆ 30 ಡಿಗ್ರಿ ಇದ್ದಾಗ ನಾಳದೊಳಗಿನ ನಿರಪೇಕ್ಷ ಒತ್ತಡ 40 ಬಾರ್ ಇದ್ದಿತೆನ್ನಿ. ಬೆಳಗಿನ ಜಾವ ಉಷ್ಣತೆ 25 ಡಿಗ್ರಿಗೆ ಇಳಿಯಿತು. ನಿರಪೇಕ್ಷ ಮಾನದಲ್ಲಿ ಇವು 303 ಮತ್ತು 298. ಆಗಿನ ಒತ್ತಡ 40ನ್ನು 298ರಿಂದ ಗುಣಿಸಿ 303ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 39.3 ಬಾರ್. ಅಷ್ಟು ಇಳಿದುದು ಚಳಿಯಿಂದ; ಅದಕ್ಕಿಂತ ಹೆಚ್ಚು ಇಳಿದಿದ್ದರೆ ಮಾತ್ರ ಸೋರಿಕೆ. ಈ ಲೆಕ್ಕ ಬಲ್ಲವನು ಸರಿಯಾದ ಜೋಡಣೆಯನ್ನು ವೃಥಾ ಬಿಚ್ಚುವುದಿಲ್ಲ, ಕೆಟ್ಟ ಜೋಡಣೆಯನ್ನು ಮುಚ್ಚಿಡುವುದೂ ಇಲ್ಲ.

ನಿರ್ವಾತ

ಪರೀಕ್ಷೆ ಮುಗಿದ ಮೇಲೆ ಸಾರಜನಕವನ್ನು ಬಿಟ್ಟು, ನಾಳದೊಳಗಿನ ಗಾಳಿಯನ್ನೂ ತೇವವನ್ನೂ ನಿರ್ವಾತ ಪಂಪಿನಿಂದ ಎಳೆದು ತೆಗೆಯಬೇಕು. ಹಿಂದೆ ಸ್ವಲ್ಪ ಶೀತಕವನ್ನೇ ಹೊರಬಿಟ್ಟು ಗಾಳಿಯನ್ನು ದೂಡುವ ಅಡ್ಡದಾರಿ ರೂಢಿಯಲ್ಲಿದ್ದಿತು. ಉರಿಯುವ ಶೀತಕಗಳ ವಿಷಯದಲ್ಲಿ ಅದು ಅಪಾಯ. ತೇವವಂತೂ ಅದರಿಂದ ಹೋಗುವುದೇ ಇಲ್ಲ.

ತೇವವನ್ನು ಎಳೆಯುವುದು ಹೇಗೆ? ಕುಕ್ಕರಿನ ಪಾಠವನ್ನೇ ತಿರುಗಿಸಿ ನೋಡಿರಿ. ವಾಯುಮಂಡಲದ ಒತ್ತಡ ಪಾದರಸದ 760 ಮಿಲಿಮೀಟರ್. ಅದು ಸುಮಾರು 32 ಮಿಲಿಮೀಟರಿಗೆ ಇಳಿದರೆ 30 ಡಿಗ್ರಿಯ ನೀರು ಬೆಂಕಿಯಿಲ್ಲದೆಯೇ ಕುದಿಯುತ್ತದೆ. ಪಂಪು ಒತ್ತಡವನ್ನು ಇನ್ನೂ ಇಳಿಸಿ, ಅರ್ಧ ಮಿಲಿಮೀಟರಿನವರೆಗೆ ತರಬೇಕು. ಕೆಲಸಗಾರರು ಇದನ್ನೇ 500 ಮೈಕ್ರಾನ್ ಎನ್ನುತ್ತಾರೆ. ಬಳಿಕ ಪಂಪನ್ನು ಬೇರ್ಪಡಿಸಿ ಮಾಪಕವನ್ನು ಕೆಲಹೊತ್ತು ಗಮನಿಸಬೇಕು. ಒತ್ತಡ ಸ್ವಲ್ಪವೇ ಏರಿ ನಿಂತರೆ ಒಳಗೆ ತೇವ ಉಳಿದಿದೆ. ನಿಲ್ಲದೆ ಏರುತ್ತಲೇ ಹೋದರೆ ಎಲ್ಲಿಯೋ ರಂಧ್ರವಿದೆ. “ಹತ್ತು ನಿಮಿಷ ಪಂಪು ಓಡಿಸಿದೆವು, ಸಾಕು” ಎಂಬುದು ಉತ್ತರವಲ್ಲ. ಮಾಪಕ ಹೇಳಿದಾಗ ಸಾಕು.

ಉಳಿದ ತೇವವು ಎಣ್ಣೆಯೊಡನೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ತಿನ್ನುತ್ತದೆ. ಉಳಿದ ಗಾಳಿ ಒತ್ತಡವನ್ನು ಮಿತಿಮೀರಿ ಏರಿಸುತ್ತದೆ. ನಿರ್ವಾತ ನಿಂತಿತೆಂದು ಖಚಿತವಾದ ಮೇಲೆಯೇ ಹೊರಗಿನ ಕವಾಟಗಳನ್ನು ಮೆಲ್ಲಗೆ ತೆರೆದು ಶೀತಕವನ್ನು ಬಿಡಬೇಕು. ಜೋಡಣೆಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು.

ಬಿಚ್ಚುವಾಗಿನ ಎಚ್ಚರ

ಮನೆ ಬದಲಿಸುವಾಗ ಯಂತ್ರವನ್ನು ಬಿಚ್ಚುವುದುಂಟು. ಆಗ ಸಣ್ಣ ನಾಳದ ಕವಾಟವನ್ನು ಮುಚ್ಚಿ ಯಂತ್ರವನ್ನು ಓಡಿಸಿ, ಶೀತಕವನ್ನೆಲ್ಲ ಹೊರಗಿನ ಪೆಟ್ಟಿಗೆಗೆ ಎಳೆದುಕೊಂಡು, ದಪ್ಪ ನಾಳದ ಕವಾಟವನ್ನೂ ಮುಚ್ಚಿ, ಯಂತ್ರವನ್ನು ನಿಲ್ಲಿಸಿ, ಅನಂತರ ನಾಳಗಳನ್ನು ಬಿಚ್ಚಬೇಕು. ಈ ಕ್ರಮ ತಪ್ಪಿ, ಕಂಪ್ರೆಸರು ಓಡುತ್ತಿರುವಾಗಲೇ ನಾಳವನ್ನು ಬಿಚ್ಚಿದರೆ ಅದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಗಾಳಿ, ಎಣ್ಣೆ, ಶೀತಕ ಮೂರನ್ನೂ ಕೂಡಿಸಿ ಅದುಮಿದರೆ ಏನಾಗುವುದು? ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯಿಲ್ಲದೆಯೇ, ಅದುಮಿದ ಗಾಳಿಯ ಕಾವಿಗೆ ಎಣ್ಣೆ ಹೊತ್ತುವಂತೆ ಇಲ್ಲಿಯೂ ಹೊತ್ತಬಹುದು. ಕಂಪ್ರೆಸರು ಬಾಂಬಿನಂತೆ ಸಿಡಿಯಬಹುದು. ಶೀತಕವನ್ನು ಗಾಳಿಗೆ ಬಿಡುವುದೂ ತಪ್ಪು. ಒಂದು ಕಿಲೋಗ್ರಾಂ ಆರ್-32 ನೂರು ವರ್ಷಗಳ ಅವಧಿಯಲ್ಲಿ ಭೂಮಿಯನ್ನು ಬಿಸಿಯೇರಿಸುವ ಪರಿ ಸುಮಾರು 675 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಮನೆಯ ತಂಪಿಗಾಗಿ ಊರಿನ ಬಿಸಿಲನ್ನು ಹೆಚ್ಚಿಸಿದಂತಾಗಬಾರದು.

ಪಾಲಕರಲ್ಲಿ ಅರಿಕೆ

ನಿಮ್ಮ ಮನೆಗೆ ಯಂತ್ರ ಬಂದಾಗ ಕೂಡಿಸಲು ಬಂದವರನ್ನು ಕೆಲವು ಪ್ರಶ್ನೆಗಳನ್ನು ಕೇಳಿರಿ. ಇದು ಯಾವ ಶೀತಕ? ಒತ್ತಡದ ಪರೀಕ್ಷೆಗೆ ಸಾರಜನಕ ತಂದಿರುವಿರಾ? ನಿರ್ವಾತ ಪಂಪು, ಮಾಪಕ ಎಲ್ಲಿ? ಮಾಪಕದ ಮುಳ್ಳನ್ನು ನಮಗೂ ತೋರಿಸುವಿರಾ? ಬಹುಮಹಡಿ ಕಟ್ಟಡವಾದರೆ, ಹೊರಗೋಡೆಗೆ ಇಳಿಯುವವನ ಸೊಂಟಕ್ಕೆ ಬೆಲ್ಟಿದೆಯೇ? ಬೇಗ ಮುಗಿಸಿರೆಂದು ಅವಸರಪಡಿಸಬೇಡಿರಿ. ಒಂದು ತಾಸು ಹೆಚ್ಚು ತೆಗೆದುಕೊಂಡರೆ ತೆಗೆದುಕೊಳ್ಳಲಿ. ಆ ಸಹಾಯಕನೂ ಯಾರದೋ ಮನೆಯ ಮಗ.

ನಿಮ್ಮ ಮಗನೇ ಈ ಕಸುಬಿಗೆ ಹೋಗಬಯಸಿದರೆ ತಡೆಯಬೇಡಿರಿ; ಇದು ಮಾನದ ಕಸುಬು, ಮುಂದೆಯೂ ಬೇಡಿಕೆಯುಳ್ಳ ಕಸುಬು. 2019ರಲ್ಲಿ ಭಾರತ ಸರ್ಕಾರವು ಪ್ರಕಟಿಸಿದ ಶೈತ್ಯ ಕಾರ್ಯಯೋಜನೆಯು ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿಯನ್ನು ಹೇಳಿತ್ತು. ಐ.ಟಿ.ಐ.ಗಳಲ್ಲಿ ಹತ್ತನೆಯ ಇಯತ್ತೆ ತೇರ್ಗಡೆಯಾದವರಿಗೆ ಶೈತ್ಯೀಕರಣ ಮತ್ತು ಹವಾನಿಯಂತ್ರಣದ ಎರಡು ವರ್ಷಗಳ ಶಿಕ್ಷಣವುಂಟು. ನಾಲ್ಕು ದುಡ್ಡು ಬೇಗ ಬರಲೆಂದು, ಕಲಿಯದ ಹುಡುಗನನ್ನು ಗುತ್ತಿಗೆದಾರನ ಹಿಂದೆ ಕಳಿಸುವ ಮುನ್ನ ಆ ಎರಡು ವರ್ಷಗಳನ್ನು ಅವನಿಗೆ ಕೊಡಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ಗಡಿಗೆಯ ಮಾತಾಗಿ ಮಾತ್ರ ತಿಳಿಯಬಾರದು.

ಆ ನಮ್ಮ ಹಳೆಯ ವಿದ್ಯಾರ್ಥಿ ಈಗ ಐ.ಟಿ.ಐ. ಸೇರಿದ್ದಾನೆ. ಗಾಯ ಮಾಗಿದೆ, ಬೆರಳುಗಳು ಮಡಚಬಲ್ಲವು. ಈ ವರ್ಷ ವಿಜ್ಞಾನದ ಪ್ರದರ್ಶನಕ್ಕೆ ಅವನನ್ನು ಕರೆಸಿ, ಎಂಟನೆಯ ಇಯತ್ತೆಯ ಮಕ್ಕಳೆದುರು ನಿಲ್ಲಿಸಿದೆವು. ಅವನು ಹೆಚ್ಚು ಮಾತನಾಡಲಿಲ್ಲ. ತಾನು ತಂದಿದ್ದ ತಾಮ್ರದ ನಾಳದ ತುಂಡನ್ನು ಮಕ್ಕಳ ಕೈಗೆ ಕೊಟ್ಟು, ಹಲಗೆಯ ಮೇಲೆ ಆಮ್ಲಜನಕ, ಸಾರಜನಕಗಳ ಆ ಹಳೆಯ ಎರಡು ವಾಕ್ಯಗಳನ್ನು ಬರೆದು, ಬಲಗೈಯ ತೋಳನ್ನು ಮೇಲಕ್ಕೆ ಸರಿಸಿದ. ನಾವು ಒಂದು ವರ್ಷವೆಲ್ಲ ಹೇಳಿದರೂ ತಲುಪದಿದ್ದ ಪಾಠ ಅಂದು ತಲುಪಿತು.

ವಿದ್ಯಾರ್ಥಿಗಳೇ, ಪುಸ್ತಕದಲ್ಲಿ ಓದುವ ಪ್ರತಿಯೊಂದು ನಿಯಮವೂ ಯಾವುದೋ ಒಂದು ಕೆಲಸದ ನಡುವೆ ನಿಮಗಾಗಿ ಕಾದಿರುತ್ತದೆ. ಹಿರಿಯ ಕೆಲಸಗಾರ “ಯಾವುದಾದರೇನು?” ಎಂದಾಗ, “ಏಕೆ ಇದೇ ಆಗಬೇಕು?” ಎಂದು ಕೇಳುವ ಧೈರ್ಯ ನಿಮ್ಮಲ್ಲಿರಲಿ. ಉತ್ತರ ಸಿಗುವವರೆಗೆ ಕವಾಟ ತಿರುಗಿಸದಿರಿ.